ಚೌತಿಗೆ ಬಂದವರು ಆಯಿಯ ಡಬ್ಬಿ ಜರುಗಿಸಬೇಡಿ

ಚೌತಿ ಮುಗಿದು ಮಕ್ಕಳೆಲ್ಲ ಬೆಂಗಳೂರು, ಮುಂಬಯಿ ಬಸ್ಸು ಹತ್ತಿದ ಮಾರನೇ ದಿನದಿಂದ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹುಡುಕಾಟ ಶುರುವಾಗುತ್ತದೆ. ಉಪ್ಪಿನ ಭರಣಿ ಇದ್ದಲ್ಲಿಲ್ಲ. ಚಾ ಸೋಸುವ ಜಾಳಿಗೆ ಯಾವುದೋ ಹೊಸ ಸ್ಟ್ಯಾಂಡಿಗೆ ಹೋಗಿದೆ. ಸೊಸೆ ಪ್ರೀತಿಯಿಂದಲೇ ಒಂದೇ ಅಳತೆಯ ಡಬ್ಬಿಗಳನ್ನು ತಂದು ಸಾಲಾಗಿ ಜೋಡಿಸಿ, ಫೋಟೊ ಹೊಡೆದುಕೊಂಡು ಹೋಗಿದ್ದಾಳೆ. ನೋಡಲು ಚಂದ. ಕಣ್ಣು ಮಂದವಾದ ಅತ್ತೆಯ ಕೈಗೆ ಮಾತ್ರ ಎಲ್ಲವೂ ಒಂದೇ.

ಆಯಿ (ಅಮ್ಮ) ಇನ್ನು ಒಬ್ಬಳೇ ಇರಲಾರಳು ಎಂದು ತೀರ್ಮಾನ ಮಾಡುವ ಮೊದಲು ಮನೆಯನ್ನು ಅವರ ಕೈಗೆ ಹೊಂದಿಸಿ ನೋಡಿ. ಸಾಮಾನು ಇಡುವವರು ಅವರು. ನಿಮ್ಮ ಕೆಲಸ ಪಕ್ಕದಲ್ಲಿ ಕೂತು ಕೇಳಿದ್ದನ್ನು ಎತ್ತಿಕೊಡುವುದು, ಅಷ್ಟೇ.

ಮೊದಲು ಕಣ್ಣಿನ ಡಾಕ್ಟರು

ಪೊರೆಯಾದರೆ ಆಪರೇಷನ್‌ನಿಂದ ಸರಿಹೋಗುತ್ತದೆ. ಮಳೆಗಾಲ ಕಳೆಯಲಿ, ಅಡಿಕೆ ಕೊಯ್ಲು ಮುಗಿಯಲಿ ಎಂದು ಮುಂದೂಡಬೇಡಿ. ಗ್ಲಾಕೋಮಾ (ಕಣ್ಣಿನ ನರ ಕೆಡುವ ಕಾಯಿಲೆ), ಸಕ್ಕರೆ ಕಾಯಿಲೆಯಿಂದ ಕೆಟ್ಟ ರೆಟಿನಾ (ಕಣ್ಣಿನ ಹಿಂದಿನ ಪರದೆ), ಆ ಪರದೆಯ ನಡುಭಾಗವಾದ ಮ್ಯಾಕುಲಾದ ಸವೆತ ಇವುಗಳಲ್ಲಿ ಕಳೆದುಹೋದ ನೋಟ ಮರಳುವುದು ಕಡಿಮೆ, ಉಳಿದದ್ದನ್ನು ಕಾಯ್ದುಕೊಳ್ಳಬೇಕು. ಡಾಕ್ಟರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಹೋಗಿರುವುದು ನಡುವಿನ ನೋಟವೋ, ಅಂಚಿನದೋ? ಮ್ಯಾಕುಲಾ ಸವೆದವರಿಗೆ ಎದುರು ನಿಂತವರ ಮುಖ ಕಾಣದು, ಅಂಗಳದಲ್ಲಿ ಬಿದ್ದ ಅಡಿಕೆ ಓರೆಗಣ್ಣಿಗೆ ಕಂಡೀತು. ‘ನನ್ನ ಗುರುತು ಸಿಗಲಿಲ್ಲ, ಅಡಿಕೆ ಹೇಗೆ ಕಂಡಿತು? ಎಲ್ಲ ನಾಟಕ’ ಎಂದು ರೇಗುವ ಮಕ್ಕಳನ್ನು ನೋಡಿದ್ದೇನೆ. ನಾಟಕವಲ್ಲ, ಕಾಯಿಲೆ ಇರುವುದೇ ಹಾಗೆ. ಗ್ಲಾಕೋಮಾದವರ ಕಥೆ ಉಲ್ಟಾ: ಮುಖ ಕಾಣುತ್ತದೆ, ಭುಜ ಬಾಗಿಲ ಚೌಕಟ್ಟಿಗೆ ಬಡಿಯುತ್ತದೆ.

ಅಂದಹಾಗೆ, ನೋಟ ಕುಂದಿದ ಕೆಲವರಿಗೆ ಇಲ್ಲದ ಮನುಷ್ಯರು, ಬಳ್ಳಿ ಚಿತ್ತಾರಗಳು ಕಾಣಿಸುತ್ತವೆ. 1760ರಷ್ಟು ಹಿಂದೆಯೇ ದಾಖಲಾದ ಸಂಗತಿಯಿದು. ಚಾರ್ಲ್ಸ್ ಬಾನೆಟ್ ಸಿಂಡ್ರೋಮ್ ಎಂದು ಹೆಸರು. ನೂಲು ಕಟ್ಟಿಸಲು ಓಡುವ ಮೊದಲು ಡಾಕ್ಟರಿಗೆ ಹೇಳಿ. ಅರಳುಮರಳು ಎಂದು ಮನೆಯವರು ಬೈದಾರೆಂಬ ಹೆದರಿಕೆಗೆ ಎಷ್ಟೋ ಹಿರಿಯರು ಬಾಯೇ ಬಿಡುವುದಿಲ್ಲ, ನೀವಾಗಿಯೇ ಕೇಳಿ.

ಬೆಳಕು, ಬಣ್ಣ

ಘಟ್ಟದ ಮೇಲಿನ ಹಳೆಯ ಮನೆಗಳ ಅಡುಗೆಕೋಣೆಗೆ ಒಂದೇ ಕಿಟಕಿ, ಹೊಗೆ ಹಿಡಿದ ಮಾಡು, ನಡುವೆ ಒಂದು ಬಲ್ಬು. ಬೆಳಕು ಬೆನ್ನ ಹಿಂದಿದ್ದರೆ ಅವರ ನೆರಳೇ ಅವರ ಕೈಮೇಲೆ ಬೀಳುತ್ತದೆ. ದೊಡ್ಡ ಬಲ್ಬು ತರುವುದಲ್ಲ, ಕಟ್ಟೆಯ ಮೇಲಿನ ಶೆಲ್ಫಿನ ತಳಕ್ಕೆ, ಕಣ್ಣಿಗೆ ಹೊಡೆಯದ ಹಾಗೆ ಒಂದು ಟ್ಯೂಬ್ ಕೂರಿಸಿ. ಹೊಸ್ತಿಲ ಅಂಚಿಗೆ, ಮೆಟ್ಟಿಲ ತುದಿಗೆ ಹಳದಿ ಬಣ್ಣ ಎಳೆಯಿರಿ. ಸ್ಟೀಲ್ ಲೋಟದ ಮಜ್ಜಿಗೆ ಅವರಿಗೆ ಕಾಣದು, ಕಡುಬಣ್ಣದ ಲೋಟ ಕೊಡಿ. ಊಟಕ್ಕೆ ಬಾಳೆಲೆಯನ್ನು ಮೀರಿದ್ದಿಲ್ಲ. ಹಸಿರಿನ ಮೇಲೆ ಬಿಳಿ ಅನ್ನ ಎದ್ದು ಕಾಣುತ್ತದೆ.

ಅಡುಗೆಮನೆ: ಎಲ್ಲರೂ ಎಡವುವುದು ಇಲ್ಲೇ

ಮಕ್ಕಳು ಮಾಡುವ ಮೊದಲ ಕೆಲಸ ಒಲೆಯ ಹತ್ತಿರ ಹೋಗಬೇಡ ಎಂದು ಅಪ್ಪಣೆ ಕೊಡುವುದು. ಐವತ್ತು ವರ್ಷ ಒಲೆಯ ಮುಂದೆ ಇದ್ದವರು ಆ ಮಾತು ಕೇಳುತ್ತಾರೆಯೇ? ನೀವು ಹೋದ ಮೇಲೆ ಕದ್ದು ಚಾ ಮಾಡುತ್ತಾರೆ, ಅವಸರದಲ್ಲಿ. ಸುಟ್ಟುಕೊಳ್ಳುವುದು ಆಗಲೇ.

ಡಬ್ಬಿಗಳಿಂದ ಶುರು ಮಾಡಿ. ಆಕಾರ ಬೇರೆಬೇರೆ ಇರಲಿ: ಉಪ್ಪು ಭರಣಿಯಲ್ಲಿ, ಸಕ್ಕರೆ ಚೌಕ ಡಬ್ಬಿಯಲ್ಲಿ. ಜೀರಿಗೆ, ಕೊತ್ತಂಬರಿಗೆ ಗುರುತೇ ಬೇಡ, ಮೂಗು ಹೇಳುತ್ತದೆ. ಗುರುತು ಬೇಕಾದದ್ದು ಒಂದೇ ಥರದ ಡಬ್ಬಿಯಲ್ಲಿರುವ ಅರಿಶಿನಪುಡಿ, ಖಾರದಪುಡಿ, ಅಡುಗೆ ಸೋಡಾಗಳಿಗೆ. ಒಂದಕ್ಕೆ ಒಂದು ರಬ್ಬರ್ ಬ್ಯಾಂಡ್, ಇನ್ನೊಂದಕ್ಕೆ ಎರಡು. ಹಾಕುವುದು ಡಬ್ಬಿಯ ಮೈಗೆ, ಮುಚ್ಚಳಕ್ಕಲ್ಲ. ತೊಳೆದಿಟ್ಟ ದಿನ ಮುಚ್ಚಳ ಅದಲುಬದಲಾದರೆ ಪಾಯಸಕ್ಕೆ ಸೋಡಾ ಬೀಳುತ್ತದೆ.

ಗ್ಯಾಸ್ ಒಲೆಯ ನಾಬಿನ ತುದಿಗೆ ಎಂ-ಸೀಲ್‌ನ ಸಣ್ಣ ಬೊಟ್ಟು ಇಡಿ. ಬಂದ್ ಆದಾಗ ಅದು ನಿಲ್ಲುವ ಜಾಗಕ್ಕೆ ಒಲೆಯ ಮೈಮೇಲೆ ಒಂದು, ಸಿಮ್‌ಗೆ ಇನ್ನೊಂದು. ಬೊಟ್ಟಿಗೆ ಬೊಟ್ಟು ಎದುರಾದರೆ ಬೆರಳಿಗೇ ತಿಳಿಯುತ್ತದೆ. ಕಣ್ಣು ಮಂದವಾದವರಿಗೆಂದು ಇಂಡಕ್ಷನ್ ಒಲೆ ಕೊಡಿಸುವವರಿಗೆ ಒಂದು ಮಾತು: ಅಂಥ ಎಷ್ಟೋ ಒಲೆಗಳ ಗುಂಡಿಗಳು ನುಣ್ಣನೆಯ ಗಾಜು, ಕೈಗೆ ಏನೂ ಸಿಗುವುದಿಲ್ಲ. ತಿರುಗಿಸುವ ನಾಬ್ ಇಲ್ಲದ ಯಾವುದನ್ನೂ ತರಬೇಡಿ.

ಪಾತ್ರೆಯನ್ನು ಒಲೆಯ ಮೇಲಿಟ್ಟು, ಎರಡೂ ಕೈಯಿಂದ ನಡುವಿಗೆ ಬಂದಿದೆಯೇ ಎಂದು ತಡವಿ, ಹಿಡಿ ಪಕ್ಕಕ್ಕೆ ತಿರುಗಿಸಿ, ಆಮೇಲೆ ಬೆಂಕಿ ಹೊತ್ತಿಸಬೇಕು. ಬಹಳ ಜನ ಹೊತ್ತಿಸಿ ಇಡುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸುವುದು ಅದಕ್ಕೂ ಮೊದಲು.

ಇನ್ನು ಬಿಸಿ ಬಗ್ಗಿಸುವುದು. ಲೋಟದ ಅಂಚಿಗೆ ಬೆರಳು ಮಡಚಿಟ್ಟು, ತಾಗುವವರೆಗೆ ಸುರಿಯುವ ಉಪಾಯ ತಣ್ಣೀರಿಗೆ ಸರಿ. ಕುದಿಯುವ ಚಾಕ್ಕೆ ಅದನ್ನೇ ಹೇಳಿಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನನ್ನ ಪ್ರಕಾರ ಚಾ ಬಗ್ಗಿಸಲೇಬಾರದು, ತೋಡಬೇಕು. ಉದ್ದ ಹಿಡಿಯ ಒಂದು ಸೌಟು ಗೊತ್ತು ಮಾಡಿ. ಅದರಲ್ಲಿ ಎಷ್ಟು ಸಲ ತೋಡಿದರೆ ಅವರ ಲೋಟ ತುಂಬುತ್ತದೆ ಎಂದು ತಣ್ಣೀರಿನಲ್ಲಿ ಅವರೇ ಎಣಿಸಲಿ. ಲೋಟ ಅಂಚಿರುವ ತಟ್ಟೆಯಲ್ಲಿರಲಿ, ಎಡಗೈ ತಟ್ಟೆಯ ಮೇಲಿರಲಿ, ಲೋಟದ ಮೇಲಲ್ಲ. ತುಂಬಿದ ಕೂಡಲೇ ಬೀಪ್ ಎನ್ನುವ ಯಂತ್ರ ಸಿಗುತ್ತದೆ, ಒಳ್ಳೆಯದೇ. ಸೆಲ್ ಮುಗಿದ ದಿನ ಏನು ಮಾಡುತ್ತಾರೆ?

ಕುಚ್ಚಲಕ್ಕಿ ಅನ್ನ ಬಸಿಯುವುದು ಇದಕ್ಕಿಂತ ಅಪಾಯ. ಮುಚ್ಚಳ ಒತ್ತಿಹಿಡಿದು ಪಾತ್ರೆ ಓರೆ ಮಾಡುವುದು ಕಣ್ಣಿದ್ದವರಿಗೇ ಕಷ್ಟ. ಪಾತ್ರೆಯೊಳಗೆ ಕೂರುವ ತೂತಿನ ಪಾತ್ರೆಯಲ್ಲಿ ಬೇಯಿಸಿ. ಒಲೆ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಮೇಲೆತ್ತಿದರೆ ಗಂಜಿ ಕೆಳಗೆ ಉಳಿಯುತ್ತದೆ. ಕರಾವಳಿಯವರಿಗೆ ಮೀನು: ಮಾರುವ ಹೆಂಗಸಿನ ಹತ್ತಿರವೇ ಕೊಯ್ಯಿಸಿಕೊಳ್ಳಿ. ತಾರ್ಲೆಯ (ಬೂತಾಯಿ) ಸಣ್ಣ ಮುಳ್ಳಿನ ತಂಟೆ ಬೇಡವಾದರೆ ಇಸ್ವಾಣದ (ಅಂಜಲ್) ಹೋಳು, ಸಿಗಡಿ.

ಬಚ್ಚಲು, ಅಂಗಳ

ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಹಂಡೆಯ ನೀರು. ಮನೆಯಿಂದ ಬಚ್ಚಲಿಗೆ ಸೊಂಟದೆತ್ತರಕ್ಕೆ ಹಗ್ಗ ಬಿಗಿಯಿರಿ. ಮಳೆಗಾಲದಲ್ಲಿ ಚಿರೆಕಲ್ಲಿನ ಮೇಲಿನ ಹಾವಸೆಗೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿ.

ದುಡ್ಡು

ಈಗಿನ ನೋಟುಗಳ ಉದ್ದ ಬೇರೆಬೇರೆ: 10 ರೂಪಾಯಿಯದು 123 ಮಿ.ಮೀ., 100ರದು 142, 500ರದು 150. ಅಂಚಿನಲ್ಲಿ ಉಬ್ಬು ಗೀರುಗಳೂ ಇವೆ, 100ಕ್ಕೆ ನಾಲ್ಕು, 500ಕ್ಕೆ ಐದು. ಸಂತೆಯಲ್ಲಿ ಕೈಯಿಂದ ಕೈಗೆ ಹೋಗಿ ಬಾಡಿದ ನೋಟಿನಲ್ಲಿ ಉಬ್ಬು ಸಿಗದು, ಉದ್ದವನ್ನೇ ನಂಬಿ. 100 ಮತ್ತು 200ರ ನಡುವೆ 4 ಮಿ.ಮೀ. ಅಷ್ಟೇ ವ್ಯತ್ಯಾಸ, ಆದ್ದರಿಂದ 200ನ್ನು ಮಡಚಿ ಬೇರೆ ಜೇಬಿನಲ್ಲಿಡುವುದು ಲೇಸು. ರಿಸರ್ವ್ ಬ್ಯಾಂಕಿನ ‘ಮನಿ’ ಆ್ಯಪ್ ನೋಟು ಗುರುತಿಸಿ ಹೇಳುತ್ತದೆ, ಅದಕ್ಕೆ ನೆಟ್ ಬೇಡ. ತೆರೆಯ ಮೇಲಿರುವುದನ್ನು ಓದಿ ಹೇಳುವ, ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್ ಅನ್ನು ಮಾತ್ರ ಹಾಗೆಯೇ ಆನ್ ಮಾಡಿಟ್ಟು ಹೋಗಬೇಡಿ. ಮುಟ್ಟುವ ರೀತಿಯೇ ಬದಲಾಗುವುದರಿಂದ ಬಂದ ಕರೆ ಎತ್ತಲೂ ಆಗುವುದಿಲ್ಲ. ಜೊತೆಗೆ ಕೂತು ಕಲಿಸುವವರಿದ್ದರೆ ಮಾತ್ರ.

ಹೊರಗೆ ಹೊರಟಾಗ

ರಟ್ಟೆ ಹಿಡಿದು ದೂಡಬೇಡಿ. ಅವರು ನಿಮ್ಮ ಮೊಣಕೈಯ ಮೇಲ್ಭಾಗ ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದಿರಿ. ಮೆಟ್ಟಿಲು ಬಂದರೆ ಹತ್ತುವುದೋ ಇಳಿಯುವುದೋ ಹೇಳಿ. ಬಿಳಿ ಕೋಲು ದಾರಿ ತಡವಲು, ಭಾರ ಊರಲು ಅಲ್ಲ. ಮಂಡಿ ನೋವಿನವರಿಗೆ ಊರುಗೋಲು ಬೇರೆಯೇ ಬೇಕು.

ಕಾಗದಪತ್ರ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪೂರ್ತಿ ಕುರುಡು ಮಾತ್ರವಲ್ಲ, ಮಂದದೃಷ್ಟಿಯೂ ಸೇರಿದೆ. ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ 40ರ ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಹಿರಿಯರ ಸಹಾಯವಾಣಿ 14567. ಪ್ರಮಾಣಪತ್ರದ ತಪಾಸಣೆಗೆ ಹೊರಡುವ ಮೊದಲು ಕಣ್ಣಿನ ಡಾಕ್ಟರು ಯಾವ ದಿನ ಇರುತ್ತಾರೆ ಎಂದು ಫೋನ್ ಮಾಡಿ ತಿಳಿದುಕೊಳ್ಳಿ. ಶಿರಸಿಯಿಂದ ಜಿಲ್ಲಾ ಕೇಂದ್ರವಾದ ಕಾರವಾರಕ್ಕೆ ನೂರು ಕಿ.ಮೀ. ದಾಟುತ್ತದೆ, ಘಟ್ಟದ ತಿರುವಿನಲ್ಲಿ ವಾಂತಿ ಮಾಡಿಕೊಂಡು ಹೋಗಿ ‘ನಾಳೆ ಬನ್ನಿ’ ಎನ್ನಿಸಿಕೊಳ್ಳುವುದು ಯಾರಿಗೂ ಬೇಡ. ಕಾರ್ಡು ಕೈಗೆ ಬಂದ ಮೇಲೆ ಅದು ಆಯಿಯ ಚೀಲದಲ್ಲೇ ಇರಲಿ. ಮಗನ ವಾಟ್ಸ್‌ಆ್ಯಪ್‌ನಲ್ಲಿದ್ದರೆ ಕಂಡಕ್ಟರಿಗೆ ತೋರಿಸಲು ಬರುವುದಿಲ್ಲ.