ಸಕ್ಕರೆ ಕಾಯಿಲೆಯ ಕಾಲುಹುಣ್ಣಿಗೆ ಇಜಿಎಫ್ ಜೆಲ್: ಹಚ್ಚುವ ಬಗೆ, ಕೆಡುವ ಬಗೆ

ಪುಷ್ಯ ಮಳೆ ಹಿಡಿದ ಮೇಲೆ ಮೂಡಿಗೆರೆ, ಸಕಲೇಶಪುರದ ಕಡೆ ತೋಟಕ್ಕೆ ಹೋಗುವವರ ಗಮ್‌ಬೂಟು ಒಣಗುವುದೇ ಇಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬೂಟು ಉಜ್ಜಿ ಹುಣ್ಣಾದದ್ದೂ ತಿಳಿಯುವುದಿಲ್ಲ. ಸಂಜೆ ಸಾಕ್ಸ್ ಎಳೆದಾಗ ರಸಿಕೆಗೆ ಅಂಟಿಕೊಂಡು ಬರುತ್ತದೆ. ವಾರಗಟ್ಟಲೆ ಮಾಯದ ಇಂಥ ಹುಣ್ಣಿಗೆ ವೈದ್ಯರು ಕೆಲವೊಮ್ಮೆ ಇಜಿಎಫ್ (ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್, ಅಂದರೆ ಚರ್ಮ ಬೆಳೆಸುವ ಅಂಶ) ಜೆಲ್ ಬರೆದುಕೊಡುತ್ತಾರೆ. ಟ್ಯೂಬು ಅಗ್ಗವಲ್ಲ. ಬಳಸುವುದು ತಪ್ಪಿದರೆ ದುಡ್ಡು ಹೊಳೆಗೆ ಸುರಿದ ಹಾಗೆ.

ಒಳಗಿರುವುದು ನಮ್ಮ ದೇಹವೇ ತಯಾರಿಸುವ ಒಂದು ಪುಟ್ಟ ಪ್ರೋಟೀನು. ಅದರ ಜೀನ್ ಇರುವುದು 4ನೇ ಕ್ರೋಮೋಸೋಮಿನ ಉದ್ದ ತೋಳಿನಲ್ಲಿ. ಜೀವಕೋಶ ಮೊದಲು 1,207 ಅಮೈನೊ ಆಮ್ಲಗಳ ಸರಪಳಿ ಹೆಣೆಯುತ್ತದೆ. ಅದರಿಂದ ಕತ್ತರಿಸಿ ತೆಗೆದ 53ರ ತುಂಡೇ ಇಜಿಎಫ್. ಆ ತುಂಡಿನಲ್ಲಿರುವ ಸಿಸ್ಟೀನ್ ಎಂಬ ಅಮೈನೊ ಆಮ್ಲದ ಆರು ಕೊಂಡಿಗಳು ಎರಡೆರಡಾಗಿ ಬೆಸೆದು ಮೂರು ಗಂಟು ಹಾಕಿಕೊಂಡಿರುತ್ತವೆ, ಆಕಾರ ನಿಂತಿರುವುದು ಆ ಗಂಟುಗಳಿಂದ. ಚರ್ಮದ ಕೋಶದ ಮೇಲಿನ ಗ್ರಾಹಕದಲ್ಲಿ (ಸುದ್ದಿ ಹಿಡಿಯುವ ರಿಸೆಪ್ಟರ್) ಇದು ಕೂತರೆ ಗ್ರಾಹಕಗಳು ಜೋಡಿಯಾಗಿ ಒಳಕ್ಕೆ ಸುದ್ದಿ ಮುಟ್ಟಿಸುತ್ತವೆ: ಕೋಶ ಒಡೆದು ಎರಡಾಗುತ್ತದೆ, ಅಂಚಿನಿಂದ ನಡುವಿಗೆ ಸರಿಯುತ್ತದೆ. 1962ರಲ್ಲಿ ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಇಲಿಯ ಜೊಲ್ಲುಗ್ರಂಥಿಯಿಂದ ತೆಗೆದ ಈ ಪ್ರೋಟೀನನ್ನು ಇಲಿಮರಿಗಳಿಗೆ ಚುಚ್ಚಿದಾಗ ಅವು ಹೊತ್ತಿಗೆ ಮುಂಚೆಯೇ ಕಣ್ಣು ಬಿಟ್ಟಿದ್ದವು. 1986ರ ವೈದ್ಯಕೀಯ ನೊಬೆಲ್ ಅವರಿಗೂ ವಿಜ್ಞಾನಿ ರೀಟಾ ಲೆವಿ-ಮೊಂಟಾಲ್ಚಿನಿಗೂ ಬಂತು. ಮನುಷ್ಯರ ಜೊಲ್ಲಿನಲ್ಲೂ ಇಜಿಎಫ್ ಇದೆ. ಹಾಗೆಂದು ಹುಣ್ಣನ್ನು ನಾಯಿಗೆ ನೆಕ್ಕಲು ಬಿಡಬೇಡಿ; ಅದರ ಬಾಯಿಯ ಬ್ಯಾಕ್ಟೀರಿಯಾವೂ ಜೊತೆಗೇ ಬರುತ್ತದೆ.

ಜೆಲ್ ಬರೀ ಸುದ್ದಿ. ಓದುವ ಕೋಶ ಬದುಕಿದ್ದರೆ ಮಾತ್ರ ಕೆಲಸ. ಅದಕ್ಕೇ ಟ್ಯೂಬು ಕೊಳ್ಳುವ ಮುಂಚೆ ಪಾದದ ನಾಡಿ ನೋಡಿಸಿ, ರಕ್ತ ಹರಿಯದ ಕಾಲಿಗೆ ಯಾವ ಜೆಲ್ಲೂ ಹತ್ತುವುದಿಲ್ಲ. ಸತ್ತ ಮಾಂಸವನ್ನೂ ಅಂಚಿನ ದಡ್ಡು ಚರ್ಮವನ್ನೂ ಆಸ್ಪತ್ರೆಯಲ್ಲೇ ತೆಗೆಸಿ, ಮನೆಯ ಬ್ಲೇಡು ಬೇಡ. ಕೀವಿದ್ದರೆ ಮೊದಲು ಸೋಂಕಿಗೆ ಚಿಕಿತ್ಸೆ: ಕೀವಿನ ಕಿಣ್ವಗಳು ಹಚ್ಚಿದ ಇಜಿಎಫನ್ನು ಕತ್ತರಿಸಿ ಹಾಕುತ್ತವೆ. ಅಂಚು ಹೂಕೋಸಿನಂತೆ ಉಬ್ಬಿದ್ದರೆ ಜೆಲ್ ಮುಟ್ಟಿಸದೆ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಮಾಡಿಸಬೇಕು. ಹಲವು ಕ್ಯಾನ್ಸರ್‌ಗಳು ಬೆಳೆಯುವುದೂ ಇದೇ ಗ್ರಾಹಕದ ಬಲದಿಂದ.

ಟ್ಯೂಬು ಇರಬೇಕಾದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಚಿಕ್ಕಮಗಳೂರಿನಲ್ಲಿ ಕೊಂಡು ಕಳಸದ ಬಸ್ಸು ಹತ್ತುವವರು ಅಗಲ ಬಾಯಿಯ ಫ್ಲಾಸ್ಕ್ ಒಯ್ಯಿರಿ. ಐಸ್‌ಪ್ಯಾಕಿಗೆ ನಾಲ್ಕು ಸುತ್ತು ಪೇಪರ್ ಸುತ್ತಿ, ಟ್ಯೂಬು ನೇರ ತಾಗದಂತಿಡಿ. ಫ್ರೀಜರಿಗಾಗಲಿ ಅದರ ಕೆಳಗಿನ ಟ್ರೇಗಾಗಲಿ ಹಾಕಬೇಡಿ. ಹೆಪ್ಪುಗಟ್ಟಿ ಕರಗಿದ ಜೆಲ್ಲನ್ನು ನಂಬುವಂತಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗುವ ಊರಾದರೆ ಫ್ರಿಜ್ಜಿನ ನಡುತಟ್ಟೆಯಲ್ಲಿ ಮೂರು ನಾಲ್ಕು ನೀರಿನ ಬಾಟಲಿ ಇಟ್ಟು, ಅವುಗಳ ನಡುವೆ ಟ್ಯೂಬು ಇಡಿ. ಬಾಗಿಲು ತೆರೆಯದಿದ್ದರೆ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ.

ಹಚ್ಚುವಾಗ ಸೋಪಿನಿಂದ ಕೈ ತೊಳೆದು, ಹುಣ್ಣಿಗೆ ಕಟ್ಟಿದ ಹಳೆ ಗಾಜ್ ಬಟ್ಟೆಯನ್ನು ಸಲೈನಿನಲ್ಲಿ ನೆನೆಸಿ ಬಿಡಿಸಿ. ಒಣಗಿದ್ದನ್ನು ಎಳೆದರೆ ನಿನ್ನೆ ರಾತ್ರಿ ಹುಟ್ಟಿದ ಚರ್ಮವೂ ಕಿತ್ತು ಬರುತ್ತದೆ. ಹುಣ್ಣನ್ನು ತೊಳೆಯುವುದಕ್ಕೂ 0.9 ಶೇಕಡಾ ಸಲೈನೇ ಸಾಕು. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬಂದರೆ ಚೊಕ್ಕಟವಾಯಿತು ಅನ್ನಿಸುತ್ತದೆ, ಆದರೆ ಸುದ್ದಿ ಓದಬೇಕಾದ ಕೋಶಗಳೇ ಅದರಲ್ಲಿ ಸಾಯುತ್ತವೆ. ಅರಿಶಿನ, ಸುಣ್ಣ, ನಮ್ಮ ಕಡೆಯ ಕಾಫಿಪುಡಿ, ಯಾವುದೂ ಬೇಡ. ಸುತ್ತಲ ಚರ್ಮ ಒರೆಸಿ, ಟ್ಯೂಬಿನ ಮೂತಿ ಹುಣ್ಣಿಗೆ ತಾಗದಂತೆ ಜೆಲ್ಲನ್ನು ಹುಣ್ಣಿನ ತಳಕ್ಕೆಲ್ಲ ತೆಳುವಾಗಿ ಹರಡಿ, ಗಾಜ್ ಬಟ್ಟೆಯಿಂದ ಮುಚ್ಚಿ. ದಿನಕ್ಕೆ ಎಷ್ಟು ಸಲ ಅನ್ನುವುದಕ್ಕೆ ಚೀಟಿಯೇ ಲೆಕ್ಕ. ದಪ್ಪ ಬಳಿದರೆ ಬೇಗ ಮಾಯುವುದಿಲ್ಲ, ಅಂಚು ನೆಂದು ಬೆಳ್ಳಗಾಗುತ್ತದೆ ಅಷ್ಟೆ.

ಜೆಲ್ ಸೋಲುವುದು ಹೆಚ್ಚಾಗಿ ನಡಿಗೆಯಿಂದ. ಅಂಗಾಲಿನ ಹುಣ್ಣಿನ ಮೇಲೆ ಪ್ರತಿ ಹೆಜ್ಜೆಗೂ ಮೈಭಾರ ಬಿದ್ದರೆ ರಾತ್ರಿ ಕೂಡಿದ್ದು ಹಗಲು ಹರಿಯುತ್ತದೆ. ಪ್ಲಾಸ್ಟರೋ ಎಂಸಿಆರ್ (ಮೆತ್ತನೆಯ ರಬ್ಬರಿನ) ಚಪ್ಪಲಿಯೋ, ವೈದ್ಯರು ಕೊಟ್ಟದ್ದನ್ನು ಬಚ್ಚಲಿಗೆ ಹೋಗುವ ನಾಲ್ಕು ಹೆಜ್ಜೆಗೂ ಬಿಡಬೇಡಿ. ರಕ್ತದ ಸಕ್ಕರೆ ಹತೋಟಿಯಲ್ಲಿರಬೇಕು ಅನ್ನುವುದನ್ನು ಬೇರೆ ಹೇಳಬೇಕಿಲ್ಲ.

ವಾರಕ್ಕೊಮ್ಮೆ ಸ್ಕೇಲಿನಿಂದ ಉದ್ದಗಲ ಅಳೆದು ಕ್ಯಾಲೆಂಡರಿನಲ್ಲಿ ಬರೆಯಿರಿ. 3 ಸೆಂಟಿಮೀಟರ್ ಉದ್ದ, 2 ಅಗಲವಿದ್ದರೆ ಗುಣಿಸಿ 6. ನಾಲ್ಕು ವಾರಕ್ಕೆ ಅದು 3ರ ಹತ್ತಿರ ಇಳಿಯದಿದ್ದರೆ ಇನ್ನೊಂದು ಟ್ಯೂಬು ಕೊಳ್ಳುವ ಬದಲು ವೈದ್ಯರಲ್ಲಿಗೆ ಹೋಗಿ. ರಕ್ತದ ಹರಿವು, ಮೂಳೆಯ ಸೋಂಕು ಮತ್ತೆ ನೋಡಬೇಕಾಗುತ್ತದೆ. ಕೆಂಪು ಸುತ್ತಲೂ ಹಬ್ಬಿದರೆ, ಬೆರಳು ಕಪ್ಪಾದರೆ, ಜ್ವರ ಬಂದರೆ, ತಳದಲ್ಲಿ ಬಿಳಿ ಮೂಳೆ ಕಂಡರೆ ನಾಲ್ಕು ವಾರ ಕಾಯುವ ಮಾತಿಲ್ಲ, ಅಂದೇ ಹೊರಡಿ. ಅಳತೆಯ ಆ ಕ್ಯಾಲೆಂಡರ್ ಹಾಳೆಯೂ ಜೊತೆಗಿರಲಿ.