ದೊಡ್ಡವನನ್ನು ಎತ್ತದೆ ಕಳೆದ ಆರು ತಿಂಗಳು

ನಾವಿರುವುದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ನಾನು ಎರಡನೇ ಸಲ ಬಸುರಿಯಾದಾಗ ದೊಡ್ಡವನಿಗೆ ಒಂದು ವರ್ಷ ಒಂಬತ್ತು ತಿಂಗಳು. ಮೊದಲ ಬಾಣಂತನ ಶಿವಮೊಗ್ಗದಲ್ಲಿ ಅಮ್ಮನ ಮನೆಯಲ್ಲೇ ಆಗಿತ್ತು. ಈ ಸಲ ಅಮ್ಮನಿಗೆ ಮಂಡಿ ಆಪರೇಷನ್, ಅತ್ತೆಗೆ ಮಾವನವರನ್ನು ಬಿಟ್ಟು ಬರುವ ಹಾಗಿಲ್ಲ. "ಏಳನೇ ತಿಂಗಳಿಗೆ ಊರಿಗೆ ಬಂದುಬಿಡೇ, ಎರಡು ವರ್ಷದ ಮಗು ಇಟ್ಕೊಂಡು ಅಲ್ಲಿ ಹೆಂಗೆ ಮಾಡ್ತೀಯಾ?" ಅಂತ ಅಮ್ಮ ದಿನಾ ಫೋನ್. ಇಲ್ಲಿನ ಗೆಳತಿಯರದೂ ಅದೇ ಮಾತು. ಆದರೆ ಊರಿಗೆ ಹೋದರೆ ಹುಟ್ಟಿದ ಮಗುವಿಗೆ ಪಾಸ್‌ಪೋರ್ಟ್, ವೀಸಾ ಎಲ್ಲ ಮಾಡಿಸಿ ವಾಪಸ್ ಬರುವಷ್ಟರಲ್ಲಿ ತಿಂಗಳುಗಟ್ಟಲೆ ಆಗುತ್ತೆ. ದೊಡ್ಡವನು ಅಪ್ಪನನ್ನು ಬಿಟ್ಟು ಅಷ್ಟು ದಿನ ಇರಲ್ಲ. ಇಲ್ಲೇ ಅಂತ ತೀರ್ಮಾನ ಮಾಡಿದೆ.

ನಾನು ಮಾಡಿದ್ದು ಇಷ್ಟು. ಎಲ್ಲರೂ ಬರುವ ಮಗುವಿಗೆ ತಯಾರಿ ಮಾಡ್ತಾರೆ, ನಾನು ಇರುವ ಮಗುವಿಗೆ ತಯಾರಿ ಮಾಡಿದೆ.

ಹದಿನಾಲ್ಕನೇ ವಾರಕ್ಕೇ ಸೊಂಟದ ಕೆಳಗೆ ನೋವು ಶುರುವಾಯ್ತು. ಫಿಸಿಯೋದವರು ಭಾರ ಎತ್ತುವುದನ್ನು ಕಡಿಮೆ ಮಾಡಿ ಅಂದರು. ನೋವಿಲ್ಲದಿದ್ದರೆ ಇಷ್ಟು ಕಟ್ಟುನಿಟ್ಟು ಬೇಕಿರಲಿಲ್ಲವೇನೋ. ಮಗ ಆಗ 12 ಕೆಜಿ ಇದ್ದ. ಒಂದು ದಿನ ಎಷ್ಟು ಸಲ ಎತ್ತುತ್ತೀನಿ ಅಂತ ಫ್ರಿಜ್ ಮೇಲೆ ಗೆರೆ ಹಾಕಿ ಎಣಿಸಿದೆ. 40ರ ಹತ್ತಿರ! ಮಂಚಕ್ಕೆ, ಕುರ್ಚಿಗೆ, ಸಿಂಕಿಗೆ, ಕಾರಿಗೆ, ಎಲ್ಲಕ್ಕಿಂತ ಜಾಸ್ತಿ ಮೆಟ್ಟಿಲಿಗೆ. ಇಲ್ಲಿನ ಮನೆಗಳ ಮೆಟ್ಟಿಲು ಗೊತ್ತಲ್ಲ, ಏಣಿ ಇದ್ದ ಹಾಗೆ.

ಒಂದೊಂದೇ ಗೆರೆ ಅಳಿಸುತ್ತಾ ಬಂದೆ. ಮಂಚ ತೆಗೆದು ಹಾಸಿಗೆ ನೆಲಕ್ಕೆ ಹಾಕಿದೆ. ಐಕಿಯಾದಿಂದ ಮೂರು ಸ್ಟೂಲು, ಎಲ್ಲ ಸೇರಿ 40 ಯೂರೋ ಒಳಗೆ. ಡೈಪರ್ ನಿಂತಲ್ಲೇ ಬದಲಾಯಿಸುವುದು. ಮೆಟ್ಟಿಲು ಇಳಿಯುವಾಗ ಹೊಟ್ಟೆ ಮೆಟ್ಟಿಲ ಕಡೆ ಮಾಡಿಕೊಂಡು ಹಿಂದಕ್ಕೆ ಇಳಿಯಬೇಕು, ನಾನು ಅವನಿಗಿಂತ ಎರಡು ಮೆಟ್ಟಿಲು ಕೆಳಗೆ. ಇದಕ್ಕೇ ಮೂರು ವಾರ ಹಿಡೀತು. ಕಾರ್ ಸೀಟಿಗೆ ತಾನೇ ಹತ್ತಿ ಕೂರುವ ಹಾಗೆ ಮಾಡಿದ್ದು ಹೇಗೆ ಅಂತ ಗೆಳತಿಯರು ಈಗಲೂ ಕೇಳ್ತಾರೆ. ಅದೊಂದು ಹಾಡು, ನಮ್ಮಿಬ್ಬರದು, ಹೇಳಲ್ಲ. ಇಪ್ಪತ್ತನೇ ವಾರದ ಹೊತ್ತಿಗೆ ದಿನಕ್ಕೆ ನಾಲ್ಕೈದು ಸಲ ಎತ್ತಿದರೆ ಹೆಚ್ಚು, ಅದೂ ಬಿದ್ದು ಅತ್ತಾಗ ಮಾತ್ರ.

ಮೊದಲು ಮಾಡಿದ ದೊಡ್ಡ ತಪ್ಪು ಹೇಳಲೇಬೇಕು. "ಹೊಟ್ಟೇಲಿ ಪಾಪು ಇದೆ, ಅದಕ್ಕೆ ಅಮ್ಮ ಎತ್ತಲ್ಲ" ಅಂತ ಹೇಳಿಬಿಟ್ಟೆ. ಎರಡೇ ದಿನಕ್ಕೆ ಹೊಟ್ಟೆಗೆ ಗುದ್ದೋಕೆ ಶುರು ಮಾಡಿದ. ನಾನು ಬಾತ್‌ರೂಮಿನಲ್ಲಿ ಕೂತು ಅತ್ತಿದ್ದೀನಿ. ಆಮೇಲೆ ಪಾಪುವಿನ ಹೆಸರೇ ಎತ್ತಲಿಲ್ಲ. "ಅಮ್ಮಂಗೆ ಸೊಂಟ ನೋವು, ಕೂತ್ಕೋತೀನಿ, ಮಡಿಲಿಗೆ ಬಾ" ಅಷ್ಟೇ. ಎತ್ತುವುದನ್ನು ಬಿಟ್ಟಷ್ಟೂ ಮಡಿಲು ಜಾಸ್ತಿ ಮಾಡಿದೆ. ಹತ್ತು ಹದಿನೈದು ದಿನದಲ್ಲಿ ಗುದ್ದು ನಿಂತಿತು.

ದುಡ್ಡು ಕಳೆದದ್ದು ಸ್ಟ್ರಾಲರಿನಲ್ಲಿ. ಇಬ್ಬರು ಮಕ್ಕಳು ಪಕ್ಕ ಪಕ್ಕ ಕೂರುವಂಥದ್ದು, ಸೆಕೆಂಡ್‌ಹ್ಯಾಂಡ್, 140 ಯೂರೋ. ಮನೆಗೆ ತಂದು ನೋಡಿದರೆ ನಮ್ಮ ಬಾಗಿಲಲ್ಲಿ ತೂರಲ್ಲ. 70ಕ್ಕೆ ಮಾರಿದೆ. ಕೊನೆಗೆ ಹಳೇ ಸ್ಟ್ರಾಲರಿನ ಹಿಂದೆ ಸಿಕ್ಕಿಸುವ ಚಕ್ರದ ಹಲಗೆ 25 ಯೂರೋಗೆ ಸಿಕ್ಕಿತು. ದೊಡ್ಡವನು ಅದರ ಮೇಲೆ ನಿಂತು ಊರೆಲ್ಲ ಸುತ್ತಿದ್ದಾನೆ.

ಕ್ರಾಮ್‌ಜೋರ್ಗ್ ಅಂದರೆ ಹೆರಿಗೆಯಾದ ಮೇಲೆ ಮನೆಗೇ ಬಂದು ಬಾಣಂತಿ, ಮಗು ಇಬ್ಬರನ್ನೂ ನೋಡಿಕೊಳ್ಳುವ ಇಲ್ಲಿನ ಸೇವೆ. ಅದರ ಬಗ್ಗೆ ಒಂದೇ ಮಾತು: ಬೇಗ ಬುಕ್ ಮಾಡಿ. ನಾನು ಹತ್ತನೇ ವಾರದಲ್ಲಿ ಕೇಳಿದರೂ ಮೊದಲ ಕಡೆ ಜಾಗ ಇಲ್ಲ ಅಂದರು, ಎರಡನೇ ಕಡೆ ಸಿಕ್ಕಿತು. ಎಂಟು ದಿನಕ್ಕೆ ಸುಮಾರು 45 ಗಂಟೆ, ನಮ್ಮ ಕೈಯಿಂದ ಗಂಟೆಗೆ 5 ಯೂರೋ ಚಿಲ್ಲರೆ, ಒಟ್ಟು 240ರ ಆಸುಪಾಸು. ಮಿಡ್‌ವೈಫ್ ಖರ್ಚು, ಕ್ರಾಮ್‌ಜೋರ್ಗ್ ಎರಡಕ್ಕೂ ಎಯ್ಗನ್ ರಿಸಿಕೋ (ಆರೋಗ್ಯ ವಿಮೆ ಕೊಡುವ ಮೊದಲು ವರ್ಷಕ್ಕೆ ಇಷ್ಟು ಅಂತ ನಾವೇ ಕಟ್ಟಬೇಕಾದ ದುಡ್ಡು) ಹಿಡಿಯಲ್ಲ, ಆದರೆ ರಕ್ತ ಪರೀಕ್ಷೆಗೆ ಹಿಡಿಯುತ್ತೆ. ಆ ಬಿಲ್ ಬಂದಾಗ ಗಾಬರಿಯಾಗಬೇಡಿ.

ನಮ್ಮನೆಯವರ ರಜೆ ಬಗ್ಗೆ ಜಗಳವೇ ಆಯ್ತು. ಮಗು ಹುಟ್ಟಿದಾಗ ಅಪ್ಪನಿಗೆ ಸಿಗುವುದು ಪೂರ್ತಿ ಸಂಬಳದ ಒಂದು ವಾರ, 70 ಪರ್ಸೆಂಟ್ ಸಂಬಳದ ಐದು ವಾರ. ಎಲ್ಲ ಒಟ್ಟಿಗೆ ತಗೋತೀನಿ ಅಂದರು. ನಾನು ಒಪ್ಪಲಿಲ್ಲ. ಮೊದಲ ವಾರ ಕ್ರಾಮ್‌ಜೋರ್ಗ್‌ನವರು ನನ್ನನ್ನೂ ಪಾಪುವನ್ನೂ ನೋಡಿಕೊಂಡರೆ ಇವರು ದೊಡ್ಡವನನ್ನು ನೋಡಿಕೊಳ್ಳುವುದು. ಆಮೇಲೆ ಎರಡು ವಾರ ಸತತ. ಉಳಿದ ಮೂರು ವಾರವನ್ನು ಬಿಡಿ ದಿನಗಳಾಗಿ ಒಡೆದು ವಾರಕ್ಕೆ ಎರಡು ದಿನ. ಹೀಗೆ ಎಳೆದದ್ದರಿಂದ ಎರಡು ತಿಂಗಳು ದಾಟಿತು. ದೊಡ್ಡವನು ವಾರಕ್ಕೆ ಎರಡು ಬೆಳಿಗ್ಗೆ ಪ್ಲೇ ಸ್ಕೂಲಿಗೆ ಹೋಗುತ್ತಿದ್ದ. ಅವನು ಹೋದ ದಿನ ನಾನು ಪಾತ್ರೆ ಮುಟ್ಟುತ್ತಿರಲಿಲ್ಲ. ಮಲಗುತ್ತಿದ್ದೆ.

ಅಡುಗೆ ಫ್ರೀಜ್ ಮಾಡಿದ್ದರಲ್ಲಿ ಅರ್ಧ ಹಾಳು. ಆಲೂಗಡ್ಡೆ ಹಾಕಿದ ಹುಳಿ ಕರಗಿಸಿದರೆ ಆಲೂಗಡ್ಡೆ ಸ್ಪಂಜು. ಚಟ್ನಿ ನೀರು ಬಿಟ್ಟಿತು. ಬೇಯಿಸಿದ ಬೇಳೆ, ತುರಿದ ಕಾಯಿ ಚೆನ್ನಾಗಿ ಉಳಿದವು. ಮೆಣಸಿನ ಸಾರಿನ ಪುಡಿ ಎರಡು ಡಬ್ಬಿ ಮಾಡಿಟ್ಟಿದ್ದೆ, ಬಾಣಂತನದ ಇಪ್ಪತ್ತು ದಿನ ಅದರ ಮೇಲೇ ನಡೆಯಿತು. ಸುಮ್ನೆ ಒಂದು ಪ್ರಯೋಗ ಅಂತ ಅಂಟಿನುಂಡೆಗೆ ಅಂಟನ್ನು ಎಣ್ಣೆಯಲ್ಲಿ ಕರಿಯುವ ಬದಲು ಸ್ವಲ್ಪ ತುಪ್ಪ ಸವರಿ ಮೈಕ್ರೋವೇವ್‌ನಲ್ಲಿಟ್ಟೆ. ಒಂದೂವರೆ ನಿಮಿಷಕ್ಕೆ ಅರಳಿ ಹೂವಾಯ್ತು! ಮೊದಲ ಸಲ ಕಪ್ಪಾಗಿತ್ತು, ಹಾಗಾಗಿ ಸ್ವಲ್ಪ ಸ್ವಲ್ಪವೇ ಇಡಿ. ಉಂಡೆಗೆ ಹಾಕುವ ಪುಡಿ ಅಜ್ಜಿಯದು, ಅದರ ಅಳತೆ ನಮ್ಮ ಮನೆಯಲ್ಲೇ ಇರಲಿ.

ಹೆರಿಗೆ ರಾತ್ರಿ ದೊಡ್ಡವನನ್ನು ಯಾರು ನೋಡಿಕೊಳ್ಳುವುದು ಅನ್ನುವುದೇ ನನ್ನ ನಿದ್ದೆ ಕೆಡಿಸಿದ್ದು. ಎರಡು ಕನ್ನಡದ ಮನೆಯವರನ್ನು ಕೇಳಿಕೊಂಡೆ. ಕೇಳಿದರೆ ಸಾಲದು, ಮೊದಲೇ ಅಲ್ಲಿ ಮಲಗಿಸಿ ನೋಡಬೇಕು. ಮೊದಲ ಸಲ ರಾತ್ರಿ 11ಕ್ಕೆ ಅಳು ತಡೆಯಲಾರದೆ ವಾಪಸ್ ಕರೆದುಕೊಂಡು ಬಂದೆವು. ಎರಡನೇ ಸಲ ಅವನದೇ ದಿಂಬು, ನನ್ನ ಹಳೇ ಕಾಟನ್ ದುಪಟ್ಟಾ ಕಳಿಸಿದೆ. ಮಲಗಿದ. ನೋವು ಶುರುವಾದದ್ದು ಬೆಳಗಿನ ಜಾವ 3ಕ್ಕೆ. ಅವನು ಆ ದುಪಟ್ಟಾ ಹಿಡಿದುಕೊಂಡೇ ಅವರ ಕಾರು ಹತ್ತಿದ, ಅಳಲಿಲ್ಲ. 9ಕ್ಕೆ ಮಗಳು ಹುಟ್ಟಿದಳು, ಮಧ್ಯಾಹ್ನಕ್ಕೆ ಮನೆಯಲ್ಲಿದ್ದೆ.

ನಾಲ್ಕನೇ ದಿನ ಕ್ರಾಮ್‌ಜೋರ್ಗ್‌ನವರು ಪಾಪುವನ್ನು ಬಕೆಟ್ಟಿನಂಥ ಟಬ್ಬಿನಲ್ಲಿ ಕೂರಿಸಿ ಸ್ನಾನ ಮಾಡಿಸುತ್ತಿದ್ದರು. ಪಕ್ಕದಲ್ಲೇ ದೊಡ್ಡವನು ನೆಲದ ಮೇಲೆ ಕಾಲು ಚಾಚಿ ಕೂತು, ಗೊಂಬೆಯನ್ನು ಕಾಲ ಮೇಲೆ ಬೋರಲು ಮಲಗಿಸಿ, ಖಾಲಿ ಚೊಂಬಿನಿಂದ ನೀರು ಹಾಕುತ್ತಿದ್ದ. ಏಳನೇ ತಿಂಗಳಿಂದ ನಾನೇ ಆಡಿಸಿದ ಆಟ ಅದು. ಅವರು ಕೈ ನಿಲ್ಲಿಸಿ ಇದೇನು ಅಂತ ಕೇಳಿದರು. ನಮ್ಮ ಕಡೆ ಮಕ್ಕಳಿಗೆ ಹೀಗೇ ಎರೆಯುವುದು ಅಂದೆ. ಮರುದಿನ ಪಾಪುವನ್ನು ನನ್ನ ಕಾಲ ಮೇಲೆ ಮಲಗಿಸಿ ತಾವೇ ನೀರು ಹಾಕಿದರು. ವಿಡಿಯೋ ಕಾಲ್‌ನಲ್ಲಿ ಅಮ್ಮ ನೋಡುತ್ತಿದ್ದಳು. ಊರಿಗೆ ಬಾ ಅನ್ನಲಿಲ್ಲ.

"ನೀರು ಸ್ವಲ್ಪ ಬಿಸಿ ಇರ್ಲಿ ಕಣೇ" ಅಂದಳು.