ಕಂಪೋಸರ್ ಹಾಕೋಕೆ ಹೋಗಿ ಪಿಎಚ್‌ಪಿ ಕಲಿತೆ

ವೆಬ್‌ಸೈಟ್ ಬರೆಯೋ ಭಾಷೆ ಪಿಎಚ್‌ಪಿ. ಅದಕ್ಕೆ ಬೇಕಾದ ಲೈಬ್ರರಿಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು, ತಂದುಕೊಡೋ ಸಾಧನ ಕಂಪೋಸರ್. ನಾನು ತುಂಬಾ ದಿನ ಕಂಪೋಸರ್ ಇಲ್ಲದೆಯೇ ಪಿಎಚ್‌ಪಿ ಬರೆದವನು. ಪಿಡಿಎಫ್ ಮಾಡೋ ಲೈಬ್ರರಿ ಬೇಕಾ, ಅದರ ಜಿಪ್ ಫೈಲ್ ಇಳಿಸು. ಮೇಲ್ ಕಳಿಸೋದು ಬೇಕಾ, ಇನ್ನೊಂದು ಜಿಪ್. ಎಲ್ಲವನ್ನೂ ‘ಲಿಬ್ಸ್’ ಅನ್ನೋ ಫೋಲ್ಡರ್‌ಗೆ ಬಿಸಾಡಿ, ಪ್ರತಿ ಪೇಜಿನ ತಲೆಗೆ ಏಳೆಂಟು ಇನ್‌ಕ್ಲೂಡ್ ಸಾಲು ಅಂಟಿಸುತ್ತಿದ್ದೆ. ಕೆಲಸ ನಡೆಯುತ್ತಿತ್ತು. ಯಾವ ಲೈಬ್ರರಿಯ ಯಾವ ವರ್ಶನ್ ಹಾಕಿದ್ದೀನಿ ಅಂತ ಯಾರಾದರೂ ಕೇಳಿದ್ದರೆ ಮಾತ್ರ ಉತ್ತರ ಇರಲಿಲ್ಲ.

ಗೆಳೆಯನೊಬ್ಬನ ಲಾರಾವೆಲ್ 11 (ಪಿಎಚ್‌ಪಿ ವೆಬ್‌ಸೈಟ್ ಕಟ್ಟೋ ಸಿದ್ಧ ಚೌಕಟ್ಟು) ಪ್ರಾಜೆಕ್ಟ್‌ನಲ್ಲಿ ಕೈಜೋಡಿಸಬೇಕಾಗಿ ಬಂದಾಗ ಈ ಆಟ ನಿಂತಿತು. ಅವನು ಕೊಟ್ಟ ಕೋಡ್‌ನಲ್ಲಿ ಲೈಬ್ರರಿಗಳೇ ಇರಲಿಲ್ಲ. ‘ಕಂಪೋಸರ್ ಇನ್‌ಸ್ಟಾಲ್ ಅಂತ ಕೊಡು, ಎಲ್ಲ ಬರುತ್ತೆ’ ಅಂದ. ಕೊಟ್ಟೆ. ಕಂಪೋಸರ್ ಅನ್ನೋ ಕಮಾಂಡ್ ಗೊತ್ತೇ ಇಲ್ಲ ಅಂತ ವಿಂಡೋಸ್ ಹೇಳಿತು. ಸರಿ, ಹಾಕೋಣ, ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಎರಡು ಸಂಜೆ ಹೋಯಿತು.

ಕಂಪೋಸರ್ ಏನು ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. ಪ್ರಾಜೆಕ್ಟ್‌ಗೆ ಯಾವ ಲೈಬ್ರರಿ ಬೇಕು ಅಂತ ಒಂದು ಜೇಸನ್ ಫೈಲ್‌ನಲ್ಲಿ ಬರೆದಿಟ್ಟರೆ, ಅದು ಪ್ಯಾಕಜಿಸ್ಟ್ ಅನ್ನೋ ಆನ್‌ಲೈನ್ ಪಟ್ಟಿಯಲ್ಲಿ ಹುಡುಕಿ, ಆ ಲೈಬ್ರರಿಗೆ ಬೇಕಾದ ಬೇರೆ ಲೈಬ್ರರಿಗಳನ್ನೂ ಸೇರಿಸಿ, ಎಲ್ಲವನ್ನೂ ‘ವೆಂಡರ್’ ಫೋಲ್ಡರ್‌ಗೆ ತಂದು ಹಾಕುತ್ತದೆ. ನಿಲ್ಸ್ ಅಡರ್ಮನ್ ಮತ್ತು ಜೋರ್ಡಿ ಬೊಜ್ಜಿಯಾನೊ ಸೇರಿ ಮಾಡಿದ್ದು, ಮೊದಲು ಹೊರಬಂದದ್ದು 2012ರಲ್ಲಿ. ನೋಡ್‌ನ ಎನ್‌ಪಿಎಂ, ರೂಬಿಯ ಬಂಡ್ಲರ್ ಅನ್ನೋ ಇಂಥವೇ ಸಾಧನ ನೋಡಿ ಹುಟ್ಟಿದ ಯೋಚನೆ. ನನಗೆ ಆಗ ಗೊತ್ತಿಲ್ಲದ ಸಂಗತಿ ಒಂದಿತ್ತು. ಕಂಪೋಸರ್ ಅನ್ನೋದು ಪಿಎಚ್‌ಪಿಯಲ್ಲೇ ಬರೆದ, ‘ಫಾರ್’ ಅನ್ನೋ ಬಗೆಯ ಒಂದೇ ಒಂದು ಫೈಲ್. ಅದನ್ನು ಓಡಿಸೋದು ನಿಮ್ಮ ಮಷೀನ್‌ನಲ್ಲಿರೋ ಪಿಎಚ್‌ಪಿ. ಪಿಎಚ್‌ಪಿ ಕುಂಟಿದರೆ ಕಂಪೋಸರ್ ಕೂಡ ಕುಂಟುತ್ತದೆ. ಇಷ್ಟು ಮೊದಲೇ ತಲೆಗೆ ಹೋಗಿದ್ದರೆ ಒಂದೂವರೆ ಸಂಜೆ ಉಳಿಯುತ್ತಿತ್ತು.

ವಿಂಡೋಸ್‌ಗೆ ಅಂತಲೇ ಕಂಪೋಸರ್ ಸೆಟಪ್ ಫೈಲ್ ಇದೆ. ಇಳಿಸಿ ಡಬಲ್ ಕ್ಲಿಕ್ ಮಾಡಿದೆ. ನಡುವೆ ಒಂದು ಕಡೆ, ಯಾವ ಪಿಎಚ್‌ಪಿ ಬಳಸಲಿ ಅಂತ ಕೇಳುತ್ತದೆ. ಅಲ್ಲಿ ಆಗಲೇ ಒಂದು ದಾರಿ ತುಂಬಿತ್ತು. ಓದದೆ ನೆಕ್ಸ್ಟ್ ಒತ್ತಿದೆ. ಇಡೀ ಕಥೆಯ ತಪ್ಪು ಇದೇ, ಮತ್ತು ಪೂರ್ತಿ ನನ್ನದೇ. ಎಷ್ಟೋ ವರ್ಷದ ಹಿಂದೆ ಹಾಕಿಕೊಂಡಿದ್ದ ಒಂದು ಸರ್ವರ್ ಬಂಡಲ್‌ನ ಪಿಎಚ್‌ಪಿ 7.4 ಆ ಪೆಟ್ಟಿಗೆಯಲ್ಲಿ ಕೂತಿತ್ತು.

ಸೆಟಪ್ ಚೆನ್ನಾಗಿಯೇ ಮುಗಿಯಿತು. ವರ್ಶನ್ ಕೇಳಿದರೆ ಕಂಪೋಸರ್ ಹೇಳಿತು. ಖುಷಿಯಲ್ಲಿ ಪ್ರಾಜೆಕ್ಟ್ ಫೋಲ್ಡರ್‌ಗೆ ಹೋಗಿ ‘ಕಂಪೋಸರ್ ಇನ್‌ಸ್ಟಾಲ್’ ಕೊಟ್ಟೆ. ಪರದೆ ತುಂಬಾ ಬಯ್ಗುಳ. ಲಾಕ್ ಫೈಲ್‌ನಲ್ಲಿರೋ (ಯಾವ ಲೈಬ್ರರಿಯ ಯಾವ ವರ್ಶನ್ ಅಂತ ಬರೆದಿಟ್ಟ ಫೈಲ್ ಅದು) ಪ್ಯಾಕೇಜ್‌ಗಳು, ಅಂದರೆ ಲೈಬ್ರರಿಗಳು, ಇಲ್ಲಿ ಹೊಂದಲ್ಲ, ಇವಕ್ಕೆ ಪಿಎಚ್‌ಪಿ 8.2 ಬೇಕು, ನಿನ್ನದು 7.4. ಹೀಗೆ ಒಂದರ ಕೆಳಗೊಂದು. ಈಗ ಓದಿದರೆ ಎಷ್ಟು ನೇರವಾಗಿ ಹೇಳಿದೆ ಅನ್ನಿಸುತ್ತದೆ. ಆವತ್ತು ನಾನು ಓದಿದ್ದು ಕೆಂಪು ಬಣ್ಣವನ್ನು ಮಾತ್ರ.

ಹುಡುಕಿದಾಗ ಒಂದು ಸುಲಭದ ದಾರಿ ಸಿಕ್ಕಿತು. ಕಮಾಂಡ್‌ನ ಕೊನೆಗೆ ‘ಇಗ್ನೋರ್ ಪ್ಲಾಟ್‌ಫಾರ್ಮ್ ರೆಕ್ಸ್’ ಅನ್ನೋ ಆಯ್ಕೆ ಸೇರಿಸಿದರೆ ಪಿಎಚ್‌ಪಿ ವರ್ಶನ್ ನೋಡದೆ ಹಾಕಿಬಿಡುತ್ತದೆ. ಹಾಕಿತು ಕೂಡ. ಎಲ್ಲ ಇಳಿದ ಮೇಲೆ, ಕೊನೆಗೆ ತಾನಾಗಿ ಓಡೋ ಸ್ಕ್ರಿಪ್ಟ್ ವೆಂಡರ್ ಫೋಲ್ಡರ್ ಒಳಗಿನ ಯಾವುದೋ ಫೈಲ್‌ನಲ್ಲಿ ಸಿಂಟ್ಯಾಕ್ಸ್ ಎರರ್ ಅಂತ ಬಿದ್ದಿತು. ಬೀಳದೆ ಏನು ಮಾಡೀತು? 8ರ ಕೋಡ್ 7.4ಕ್ಕೆ ಓದಲು ಬರಲ್ಲ. ಜ್ವರ ಜಾಸ್ತಿ ತೋರಿಸ್ತು ಅಂತ ಥರ್ಮಾಮೀಟರ್ ಒಡೆದ ಹಾಗೆ ಆಯಿತು ನನ್ನ ಕೆಲಸ. ಆ ಆಯ್ಕೆಯನ್ನು ಆಮೇಲೆ ಮುಟ್ಟಿಲ್ಲ.

ಹೊಸ ಪಿಎಚ್‌ಪಿ ಹಾಕೋದೇ ಸರಿ ಅಂತ 8.3ರ ಜಿಪ್ ಇಳಿಸಿದೆ. ಇಳಿಸೋ ಜಾಗದಲ್ಲಿ ಎರಡು ಬಗೆ ಇರುತ್ತವೆ, ಥ್ರೆಡ್ ಸೇಫ್ ಮತ್ತು ನಾನ್ ಥ್ರೆಡ್ ಸೇಫ್. ಅಪಾಚೆ ವೆಬ್ ಸರ್ವರ್‌ನ ಒಳಗೇ ಮಾಡ್ಯೂಲ್ ಆಗಿ ಪಿಎಚ್‌ಪಿ ಓಡಿಸುವುದಾದರೆ ಮೊದಲನೆಯದು ಬೇಕು. ಕಮಾಂಡ್ ಲೈನ್‌ಗೆ ಎರಡನೆಯದು ಸಾಕು, ನಾನು ಅದನ್ನೇ ತೆಗೆದುಕೊಂಡೆ. ‘ಸಿ’ ಡ್ರೈವ್‌ನಲ್ಲಿ ‘ಪಿಎಚ್‌ಪಿ83’ ಅಂತ ಫೋಲ್ಡರ್ ಮಾಡಿ ಅಲ್ಲಿ ಬಿಚ್ಚಿದೆ. ಓಡಿಸಿದರೆ ‘ವಿಸಿರನ್‌ಟೈಮ್140’ ಡಿಎಲ್‌ಎಲ್ ಇಲ್ಲ ಅನ್ನೋ ತಕರಾರು ಬಂತು. ಮೈಕ್ರೋಸಾಫ್ಟ್‌ನ ವಿಶುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಹಾಕಿದೆ, ಅದು ಅಲ್ಲಿಗೆ ಮುಗಿಯಿತು.

ಮುಂದೆ ಪಾತ್, ಅಂದರೆ ಕಮಾಂಡ್ ಕೊಟ್ಟಾಗ ವಿಂಡೋಸ್ ಪ್ರೋಗ್ರಾಂ ಹುಡುಕೋ ಫೋಲ್ಡರ್‌ಗಳ ಪಟ್ಟಿ. ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ತೆರೆದು, ಮೇಲಿನ ಪೆಟ್ಟಿಗೆಯಲ್ಲಿರೋ ನನ್ನ ಯೂಸರ್ ಪಾತ್‌ಗೆ ಹೊಸ ಫೋಲ್ಡರ್ ಸೇರಿಸಿ, ಬಾಣದ ಗುರುತು ಒತ್ತಿ ಎಲ್ಲಕ್ಕಿಂತ ಮೇಲಕ್ಕೆ ತಂದೆ. ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯೋ ಕಿಟಕಿ) ವರ್ಶನ್ ಕೇಳಿದೆ. 7.4. ಟರ್ಮಿನಲ್ ಮುಚ್ಚಿ ತೆಗೆದೆ. 7.4. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ. ಊಹಿಸಿರುತ್ತೀರಿ, ಅಲ್ವಾ?

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ವಿಂಡೋಸ್‌ನಲ್ಲಿ ಪಾತ್ ಎರಡಿವೆ. ಒಂದು ಇಡೀ ಸಿಸ್ಟಮ್‌ದು, ಇನ್ನೊಂದು ಯೂಸರ್‌ದು. ಟರ್ಮಿನಲ್‌ಗೆ ಸಿಗೋದು ಎರಡನ್ನೂ ಜೋಡಿಸಿದ ಒಂದೇ ಉದ್ದ ಸಾಲು, ಅದರಲ್ಲಿ ಸಿಸ್ಟಮ್‌ದು ಯಾವಾಗಲೂ ಮುಂದೆ. ಹಳೆಯ 7.4 ಸಿಸ್ಟಮ್ ಪಾತ್‌ನಲ್ಲಿ ಕೂತಿತ್ತು. ನಾನು ಯೂಸರ್ ಪಾತ್‌ನಲ್ಲಿ ಎಷ್ಟೇ ಮೇಲಕ್ಕೆ ಏರಿಸಿದರೂ ಅದರ ಹಿಂದೆಯೇ ನಿಲ್ಲಬೇಕಿತ್ತು. ಕೆಳಗಿನ ಪೆಟ್ಟಿಗೆ ತೆರೆದು ಹಳೆಯ ಸಾಲನ್ನು ಅಳಿಸಿ, ಅಲ್ಲೇ ಹೊಸದನ್ನು ಬರೆದೆ.

ಇದನ್ನು ಕಂಡುಹಿಡಿದದ್ದು ‘ವೇರ್’ ಅನ್ನೋ ಕಮಾಂಡ್‌ನಿಂದ. ‘ವೇರ್ ಪಿಎಚ್‌ಪಿ’ ಅಂತ ಕೊಟ್ಟರೆ ಪಾತ್‌ನಲ್ಲಿ ಸಿಗೋ ಎಲ್ಲ ಪಿಎಚ್‌ಪಿಗಳನ್ನೂ ಸಾಲಾಗಿ ತೋರಿಸುತ್ತದೆ. ಮೊದಲ ಸಾಲಿನಲ್ಲಿ ಬಂದದ್ದೇ ಓಡುವ ಪಿಎಚ್‌ಪಿ. ಆದರೆ ಅದಕ್ಕೂ ಒಂದು ಕೊಕ್ಕೆ ಇದೆ. ನಾನು ಪವರ್‌ಶೆಲ್ ಅನ್ನೋ ಟರ್ಮಿನಲ್‌ನಲ್ಲಿ ಕೂತಿದ್ದೆ. ಅಲ್ಲಿ ‘ವೇರ್’ ಅಂದರೆ ಬೇರೆಯೇ ಅರ್ಥ, ಪಟ್ಟಿಯಿಂದ ಬೇಕಾದ್ದನ್ನು ಸೋಸುವ ಕಮಾಂಡ್‌ಗೆ ಇಟ್ಟ ಅಡ್ಡಹೆಸರು ಅದು. ಹಾಗಾಗಿ ಎರರ್ ಕೂಡ ಬರಲ್ಲ, ಸುಮ್ನೆ ಖಾಲಿ ಸಾಲು. ಪಿಎಚ್‌ಪಿಯೇ ಇಲ್ವೇನೋ ಅಂದುಕೊಂಡು ಅರ್ಧ ಗಂಟೆ ತಲೆ ಕೆರೆದುಕೊಂಡೆ. ‘ವೇರ್ ಡಾಟ್ ಇಎಕ್ಸ್‌ಇ’ ಅಂತ ಪೂರ್ತಿ ಹೆಸರು ಕೊಡಬೇಕು, ಇಲ್ಲವೇ ಹಳೆಯ ಕಮಾಂಡ್ ಪ್ರಾಂಪ್ಟ್‌ಗೆ ಹೋಗಬೇಕು.

ಪಾತ್ ತಿದ್ದಿದ ಮೇಲೆ ತೆರೆದೇ ಇರುವ ಟರ್ಮಿನಲ್‌ಗೆ ಹೊಸ ಪಾತ್ ಗೊತ್ತಾಗಲ್ಲ, ಹೊಸದು ತೆರೆಯಬೇಕು. ವಿಎಸ್ ಕೋಡ್ ಅನ್ನೋ ಎಡಿಟರ್ ಒಳಗಿನ ಟರ್ಮಿನಲ್ ಬಳಸುವವರು ವಿಎಸ್ ಕೋಡನ್ನೇ ಪೂರ್ತಿ ಮುಚ್ಚಿ ತೆಗೆಯಬೇಕು. ಒಳಗಿನ ಟರ್ಮಿನಲ್ ತನ್ನ ಅಪ್ಪನ ಹತ್ತಿರ ಇರೋ ಹಳೆಯ ಪಾತನ್ನೇ ತೆಗೆದುಕೊಳ್ಳುತ್ತದೆ.

ಈಗ 8.3 ಬಂತು. ಕಂಪೋಸರನ್ನೂ ತೆಗೆದು ಮತ್ತೆ ಹಾಕಬೇಕಾ? ಬೇಡ. ಸೆಟಪ್ ಅದನ್ನು ಪ್ರೋಗ್ರಾಂಡೇಟಾ ಅನ್ನೋ ಅಡಗಿದ ಫೋಲ್ಡರ್ ಒಳಗೆ ಹಾಕಿತ್ತು. ಅಲ್ಲಿ ಇಣುಕಿದರೆ ಫಾರ್ ಫೈಲ್ ಇದೆ, ಪಕ್ಕದಲ್ಲಿ ಪುಟ್ಟ ಬ್ಯಾಚ್ ಫೈಲ್ ಇದೆ. ಬ್ಯಾಚ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆಗೆದು ನೋಡಿದೆ. ಅದು ಮಾಡೋದು ಇಷ್ಟೇ: ಪಾತ್‌ನಲ್ಲಿ ಮೊದಲು ಸಿಗೋ ಪಿಎಚ್‌ಪಿಯನ್ನು ಕರೆದು, ಅದರ ಕೈಗೆ ಫಾರ್ ಫೈಲ್ ಕೊಡೋದು. ಇಷ್ಟು ಹೊತ್ತು ಕಂಪೋಸರ್ ಜೊತೆ ಜಗಳ ಆಡಿದ್ದೆಲ್ಲ ನೆನೆದು ನಗು ಬಂತು.

ಮತ್ತೆ ‘ಕಂಪೋಸರ್ ಇನ್‌ಸ್ಟಾಲ್’. ಈ ಸಲ ಬೇರೆ ಎರರ್. ಓಪನ್‌ಎಸ್‌ಎಸ್‌ಎಲ್ ಎಕ್ಸ್‌ಟೆನ್ಶನ್ (ಸುರಕ್ಷಿತ ಸಂಪರ್ಕಕ್ಕೆ ಅಂತ ಪಿಎಚ್‌ಪಿಗೆ ಸೇರಿಸೋ ಭಾಗ) ಬೇಕು, ಇಲ್ಲ. ಕೆಳಗೆ, ನಿನ್ನ ಹೊಣೆಯ ಮೇಲೆ ಟಿಎಲ್‌ಎಸ್ ಪರೀಕ್ಷೆ ನಿಲ್ಲಿಸಬಹುದು ಅಂತ ಒಂದು ಸಾಲು. ಅದನ್ನು ಮಾತ್ರ ಮಾಡಬೇಡಿ. ಮುಂದೆ ನಿಮ್ಮ ಸರ್ವರ್‌ನಲ್ಲಿ ಓಡೋ ಕೋಡನ್ನು, ಅದು ನಿಜವಾಗಿ ಎಲ್ಲಿಂದ ಬಂತು ಅಂತ ನೋಡದೆ ಮನೆಗೆ ಬಿಟ್ಟುಕೊಂಡ ಹಾಗೆ. ಥರ್ಮಾಮೀಟರ್ ಒಂದು ಸಲ ಒಡೆದಿದ್ದೆ, ಸಾಕಾಗಿತ್ತು.

ಜಿಪ್‌ನಿಂದ ಬಿಚ್ಚಿದ ಪಿಎಚ್‌ಪಿಯಲ್ಲಿ ‘ಪಿಎಚ್‌ಪಿ.ಐಎನ್‌ಐ’ ಅನ್ನೋ ಸೆಟ್ಟಿಂಗ್ ಫೈಲ್ ಇರಲ್ಲ. ಹೆಸರಿನ ಕೊನೆಗೆ ಡೆವಲಪ್‌ಮೆಂಟ್, ಪ್ರೊಡಕ್ಷನ್ ಅಂತ ಅಂಟಿಸಿದ ಎರಡು ಮಾದರಿ ಫೈಲ್ ಇರುತ್ತವೆ. ಒಂದನ್ನು ನಕಲು ಮಾಡಿ ಹೆಸರು ಬದಲಿಸಬೇಕು. ನಾನು ಜಾಣತನ ಮಾಡಿದೆ. ಫೋಲ್ಡರ್‌ನಲ್ಲಿ ರೈಟ್ ಕ್ಲಿಕ್, ಹೊಸ ಟೆಕ್ಸ್ಟ್ ಡಾಕ್ಯುಮೆಂಟ್, ಹೆಸರು ‘ಪಿಎಚ್‌ಪಿ.ಐಎನ್‌ಐ’, ಒಳಗೆ ಡೆವಲಪ್‌ಮೆಂಟ್ ಮಾದರಿಯ ಅಷ್ಟೂ ಸಾಲು ಪೇಸ್ಟ್. ಓಪನ್‌ಎಸ್‌ಎಸ್‌ಎಲ್ ಸಾಲಿನ ಮುಂದಿದ್ದ ಅರ್ಧವಿರಾಮ ತೆಗೆದೆ. ಆ ಚಿಹ್ನೆ ಇದ್ದರೆ ಪಿಎಚ್‌ಪಿ ಆ ಸಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಲ್ಲ. ಸೇವ್ ಮಾಡಿದೆ.

ಅದೇ ಎರರ್. ಸಾಲು ಸರಿ ಇದೆ, ಫೈಲ್ ಕಣ್ಣಿಗೆ ಕಾಣ್ತಾ ಇದೆ, ಹೆಸರಿನಲ್ಲಿ ಒಂದಕ್ಷರ ತಪ್ಪಿಲ್ಲ. ಓಪನ್‌ಎಸ್‌ಎಸ್‌ಎಲ್ ಎಕ್ಸ್‌ಟೆನ್ಶನ್ ಮಾತ್ರ ಇಲ್ಲ. ಮೊದಲ ಸಂಜೆ ಇಲ್ಲಿಗೆ ಮುಗಿಯಿತು, ಸಿಟ್ಟಲ್ಲಿ ಮುಚ್ಚಿಟ್ಟು ಮಲಗಿದೆ.

ಮರುದಿನ ‘ಪಿಎಚ್‌ಪಿ --ಐಎನ್‌ಐ’ ಅನ್ನೋ ಕಮಾಂಡ್ ಪರಿಚಯ ಆಯಿತು. ಪಿಎಚ್‌ಪಿ ಯಾವ ಸೆಟ್ಟಿಂಗ್ ಫೈಲ್ ಓದಿದೆ ಅಂತ ಅದು ಹೇಳುತ್ತದೆ. ನನಗೆ ಬಂದ ಉತ್ತರ: ಯಾವುದೂ ಇಲ್ಲ. ಅಂದರೆ ಫೈಲ್ ಒಳಗೆ ಏನಿದೆ ಅನ್ನೋ ಪ್ರಶ್ನೆಯೇ ಬರಲ್ಲ, ಅದರ ಪಾಲಿಗೆ ಫೈಲೇ ಇಲ್ಲ. ಫೋಲ್ಡರ್‌ಗೆ ಮತ್ತೆ ಹೋಗಿ ಕಣ್ಣರಳಿಸಿ ನೋಡಿದೆ. ಹೆಸರು ಸರಿ. ಐಕಾನ್ ಮಾತ್ರ ಮಾಮೂಲಿ ಟೆಕ್ಸ್ಟ್ ಫೈಲ್‌ದು. ಪಕ್ಕದ ‘ಟೈಪ್’ ಕಾಲಮ್‌ನಲ್ಲೂ ಟೆಕ್ಸ್ಟ್ ಡಾಕ್ಯುಮೆಂಟ್ ಅಂತಲೇ ಇತ್ತು. ಐಎನ್‌ಐ ಫೈಲ್ ಆದರೆ ಅಲ್ಲಿ ಕಾನ್ಫಿಗರೇಶನ್ ಸೆಟ್ಟಿಂಗ್ಸ್ ಅಂತ ಇರಬೇಕಿತ್ತು. ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಅನ್ನೋದಕ್ಕೆ ಟಿಕ್ ಹಾಕಿದೆ. ಬಾಲ ಹೊರಗೆ ಬಂತು. ‘ಪಿಎಚ್‌ಪಿ.ಐಎನ್‌ಐ.ಟಿಎಕ್ಸ್‌ಟಿ’.

ಒಬ್ಬನೇ ಕೂತು ಜೋರಾಗಿ ನಕ್ಕೆ. ಬಾಲ ಕತ್ತರಿಸಿದೆ. ಆ ಟಿಕ್ ಅನ್ನು ಇವತ್ತಿಗೂ ತೆಗೆದಿಲ್ಲ, ಯಾರ ಮಷೀನ್ ಸಿಕ್ಕಿದರೂ ಮೊದಲು ಅದನ್ನೇ ಹಾಕುತ್ತೇನೆ.

ಫೈಲ್ ಸಿಕ್ಕ ಕೂಡಲೇ ಪಿಎಚ್‌ಪಿ ಇನ್ನೊಂದು ರಾಗ ತೆಗೆಯಿತು. ಓಪನ್‌ಎಸ್‌ಎಸ್‌ಎಲ್ ಡಿಎಲ್‌ಎಲ್ ಲೋಡ್ ಆಗ್ತಿಲ್ಲ. ಎಲ್ಲಿ ಹುಡುಕಿದೆ ಅಂತ ಆ ಎಚ್ಚರಿಕೆಯಲ್ಲೇ ಇತ್ತು: ‘ಸಿ:\ಪಿಎಚ್‌ಪಿ\ಎಕ್ಸ್‌ಟ್’. ಬೇರೆ ಏನೂ ಹೇಳದಿದ್ದರೆ ವಿಂಡೋಸ್‌ನ ಪಿಎಚ್‌ಪಿ ಅಲ್ಲೇ ನೋಡುತ್ತದೆ. ನನ್ನ ಫೋಲ್ಡರ್‌ನ ಹೆಸರಿನಲ್ಲಿ 83 ಇತ್ತಲ್ಲ. ‘ಎಕ್ಸ್‌ಟೆನ್ಶನ್ ಡಿರ್’ ಸಾಲಿನ ಅರ್ಧವಿರಾಮ ತೆಗೆದು ಪೂರ್ತಿ ದಾರಿ ಬರೆದೆ. ಸದ್ದು ನಿಂತಿತು. ಅದೇ ಕೈಯಲ್ಲಿ ಕರ್ಲ್, ಎಂಬಿಸ್ಟ್ರಿಂಗ್, ಫೈಲ್‌ಇನ್‌ಫೋ, ಪಿಡಿಒ ಮೈಎಸ್‌ಕ್ಯುಎಲ್, ಜಿಪ್ ಇಷ್ಟನ್ನೂ ತೆರೆದೆ. ಲಾರಾವೆಲ್ ಹೇಗಿದ್ದರೂ ಇವುಗಳಲ್ಲಿ ಹೆಚ್ಚಿನವನ್ನು ಒಂದೊಂದಾಗಿ ಕೇಳುತ್ತದೆ. ಜಿಪ್ ಬಗ್ಗೆ ಒಂದು ಮಾತು: ಅದೂ ಇಲ್ಲ, ಅನ್‌ಜಿಪ್ ಅಥವಾ ಸೆವೆನ್‌ಜಿಪ್ ಕೂಡ ಇಲ್ಲ ಅಂದರೆ ಕಂಪೋಸರ್ ಪ್ರತಿ ಪ್ಯಾಕೇಜನ್ನೂ ಗಿಟ್‌ನಿಂದ ಕ್ಲೋನ್ ಮಾಡೋಕೆ (ಕೋಡನ್ನು ಅದರ ಹಳೆಯ ಬದಲಾವಣೆಗಳ ಸಮೇತ ನಕಲಿಸೋಕೆ) ಹೊರಡುತ್ತದೆ. ಕೆಲಸ ಆಗುತ್ತೆ, ಆದರೆ ಆಮೆ ನಡಿಗೆ. ಗಿಟ್ ಕೂಡ ಇಲ್ಲದಿದ್ದರೆ ಅಲ್ಲೇ ಕೈಚೆಲ್ಲುತ್ತದೆ.

‘ಕಂಪೋಸರ್ ಡಯಗ್ನೋಸ್’ ಕೊಟ್ಟೆ. ಪ್ಯಾಕಜಿಸ್ಟ್ ಸಂಪರ್ಕ, ಗಿಟ್, ಡಿಸ್ಕ್ ಜಾಗ ಎಲ್ಲದರ ಮುಂದೆ ಹಸಿರು ಓಕೆ. ಇನ್‌ಸ್ಟಾಲ್ ಕೊಟ್ಟೆ. ಪ್ಯಾಕೇಜ್‌ಗಳ ಹೆಸರು ಒಂದೊಂದಾಗಿ ಪರದೆ ಮೇಲೆ ಹರಿದು ಹೋದವು. ಒಂದು ಲೋಟ ನೀರು ಕುಡಿದು ಬರುವಷ್ಟರಲ್ಲಿ ಮುಗಿದಿತ್ತು.

ಇಷ್ಟಾದ ಮೇಲೂ ಒಂದು ಎಡವಟ್ಟು ಮಾಡಿದೆ. ಒಂದು ವಾರದ ನಂತರ ಸುಮ್ನೆ ‘ಕಂಪೋಸರ್ ಅಪ್‌ಡೇಟ್’ ಕೊಟ್ಟು, ಬದಲಾದ ಲಾಕ್ ಫೈಲನ್ನು ಗೆಳೆಯನಿಗೆ ಕಳಿಸಿಬಿಟ್ಟೆ. ಇನ್‌ಸ್ಟಾಲ್ ಲಾಕ್ ಫೈಲ್‌ನಲ್ಲಿ ಬರೆದ ವರ್ಶನ್‌ಗಳನ್ನೇ ತರುತ್ತದೆ. ಅಪ್‌ಡೇಟ್ ಹಾಗಲ್ಲ, ಜೇಸನ್ ಫೈಲ್ ಒಪ್ಪುವಷ್ಟು ಹೊಸದನ್ನು ಹುಡುಕಿ ಲಾಕ್ ಫೈಲನ್ನೇ ತಿದ್ದಿ ಬರೆಯುತ್ತದೆ. ಅವನ ಕಡೆ ಹಲವು ಲೈಬ್ರರಿ ಒಟ್ಟಿಗೆ ಬದಲಾದವು. ಅವನು ಏನಂದ ಅಂತ ಇಲ್ಲಿ ಬರೆಯುವ ಹಾಗಿಲ್ಲ. ಈಗ ಅಪ್‌ಡೇಟ್ ಬೇಕಾದರೆ ಒಂದೇ ಪ್ಯಾಕೇಜ್‌ನ ಹೆಸರು ಕೊಟ್ಟು ಮಾಡುತ್ತೇನೆ.

ಹಳೆಯ 7.4 ಇನ್ನೂ ನನ್ನ ಮಷೀನ್‌ನಲ್ಲೇ ಇದೆ. ಹಳೆಯ ಕೆಲಸವೊಂದು ಅದನ್ನು ಬಿಟ್ಟು ಓಡಲ್ಲ. ಅದಕ್ಕಾಗಿ ಪಾತ್ ಮುಟ್ಟಲು ಹೋಗಿಲ್ಲ. ಆ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಒಂದೇ ಸಾಲಿನ ಬ್ಯಾಚ್ ಫೈಲ್ ಬರೆದಿಟ್ಟಿದ್ದೇನೆ. ಮೊದಲು 7.4ರ ಪಿಎಚ್‌ಪಿಯ ಪೂರ್ತಿ ದಾರಿ, ಆಮೇಲೆ ಫಾರ್ ಫೈಲ್‌ನ ಪೂರ್ತಿ ದಾರಿ, ಕೊನೆಗೆ ‘ಇನ್‌ಸ್ಟಾಲ್’. ಈಗಿನ ಕಂಪೋಸರ್‌ಗೆ ಪಿಎಚ್‌ಪಿ 7.2.5 ಇದ್ದರೂ ಸಾಕು, ಹಾಗಾಗಿ ಅದೇ ಫಾರ್ ಫೈಲ್ ಎರಡರ ಮೇಲೂ ಓಡುತ್ತದೆ. ಆ ಬ್ಯಾಚ್ ಫೈಲ್ ಮಾಡುವಾಗಲೂ ರೈಟ್ ಕ್ಲಿಕ್, ಹೊಸ ಟೆಕ್ಸ್ಟ್ ಡಾಕ್ಯುಮೆಂಟ್ ಅಂತಲೇ ಶುರು ಮಾಡಿದ್ದು. ಬಾಲ ಕಾಣ್ತಾ ಇತ್ತು, ಅಲ್ಲೇ ಅಳಿಸಿದೆ.